ದೊಡ್ಡಮ್ಮನ ಕಾಲಿಗೆ ಸ್ಪೆಲ್ಲಿಂಗ್ ಬಂತು

ಹೋದ ಆಷಾಢದಲ್ಲಿ ನಮ್ಮ ದೊಡ್ಡಮ್ಮನ ಕಾಲಿಗೆ ಸ್ಪೆಲ್ಲಿಂಗ್ ಬಂತು.

ಅಚ್ಚಿನ ತಪ್ಪಲ್ಲ, ಅವರು ಹೇಳಿದ್ದೇ ಹಾಗೆ. ಜಗಲಿಯ ಕಂಬಕ್ಕೆ ಒರಗಿ, ಎರಡೂ ಕಾಲು ನೀಡಿ ಕೂತು, "ಮಾಣೀ, ಇಲ್ಲಿ ಬಾ. ನನ್ನ ಕಾಲು ನೋಡು, ಸ್ಪೆಲ್ಲಿಂಗ್ ಬಂದಿದೆ" ಅಂದರು. (ನನಗೆ ಐವತ್ತೇಳು. ಅವರ ಲೆಕ್ಕದಲ್ಲಿ ಇನ್ನೂ ಮಾಣಿ.) ಅದೇ ಹೊತ್ತಿಗೆ ಒಳಗೆ ನಡುಮನೆಯಲ್ಲಿ ಅವರ ಮರಿಮಗ ಮರುದಿನದ ಡಿಕ್ಟೇಶನ್ನಿಗೆ ತಯಾರಿ ನಡೆಸಿದ್ದ. ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಅವನ ಅಮ್ಮ ಗಂಟಲು ಹರಿದುಕೊಳ್ಳುತ್ತಿದ್ದಳು: "ಎಷ್ಟು ಸಲ ಹೇಳಿಕೊಟ್ರೂ ಇವನಿಗೆ ಸ್ಪೆಲ್ಲಿಂಗ್ ಬರೋದೇ ಇಲ್ಲ!"

ದೊಡ್ಡಮ್ಮ ಕಿವಿಗೊಟ್ಟು ಕೇಳಿ ನಿಟ್ಟುಸಿರು ಬಿಟ್ಟರು. "ಫೀಸು ಕಟ್ಟಿದವನಿಗೆ ಬರ್ಲಿಲ್ಲ. ಸುಮ್ಮನೆ ಕೂತವಳಿಗೆ ಬಂತು. ಎಲ್ಲ ಋಣಾನುಬಂಧ."

ಹಾಗಂತ ದೊಡ್ಡಮ್ಮನಿಗೆ ಕನ್ನಡದ ಮಾತು ಮರೆತಿತ್ತು ಅಂದುಕೊಳ್ಳಬೇಡಿ. ಅದರ ಹಿಂದಿನ ತಿಂಗಳು ಕೊಟ್ಟಿಗೆಯ ಗೌರಿ ಒದೆಯಲು ಶುರುಮಾಡಿದಾಗ, ಹಾಲು ಹಿಂಡುವ ಚೊಂಬು ಕೆಳಗಿಟ್ಟು, "ಕೆಚ್ಚಲು ಬಾವು ಶುರುವಾಗಿದೆ, ದನದ ಡಾಕ್ಟ್ರಿಗೆ ಫೋನ್ ಮಾಡು" ಅಂದವರು ಅವರೇ. ದನದ ಡಾಕ್ಟರೂ ಬಂದು ಕೆಚ್ಚಲು ಬಾವು ಅಂತಲೇ ಹೇಳಿದರು. ಪಶುವೈದ್ಯರ ಕರಪತ್ರಗಳಲ್ಲೂ ಅದೇ ಹೆಸರು. ಇದರಿಂದ ನನಗೆ ಹೊಳೆದದ್ದು ಇಷ್ಟು: ನಮ್ಮ ಸೀಮೆಯಲ್ಲಿ ದನಕ್ಕೆ ಬರುವುದು ಬಾವು, ಜನಕ್ಕೆ ಬರುವುದು ಸ್ವೆಲ್ಲಿಂಗು. ಡಾಕ್ಟರ ಎದುರು ಕೂತು 'ಬಾವು' ಅಂದುಬಿಟ್ಟರೆ ಎಲ್ಲಿ ಕೊಟ್ಟಿಗೆಗೆ ಕಳಿಸಿಬಿಡುತ್ತಾರೋ ಎಂಬ ಭಯ. ಆದ್ದರಿಂದ ದೊಡ್ಡಮ್ಮ ನಾಲಿಗೆಗೆ ಸಿಕ್ಕಿದಷ್ಟು ಇಂಗ್ಲಿಷನ್ನು ಮೊದಲೇ ಮಡಿ ಉಟ್ಟ ಹಾಗೆ ಸುತ್ತಿಕೊಂಡಿದ್ದರು. ಒಂದಕ್ಷರ ಆಚೀಚೆಯಾಗಿತ್ತು, ಅಷ್ಟೇ.

ಈ ಸ್ವೆಲ್ಲಿಂಗ್ ಎಂಬ ಒಂದೇ ಒಂದು ಮಾತು ಬಂದು ನಮ್ಮ ಮನೆಯ ಎಷ್ಟು ಮಾತು ನುಂಗಿತು ನೋಡಿ. ಮಲೆನಾಡಿನ ಹಳೇ ಮನೆಗಳ ದಾರಂದ ಗಿಡ್ಡ. ಒಳಗೆ ಬರುವವನು ತಲೆ ತಗ್ಗಿಸಿಕೊಂಡೇ ಬರಲಿ ಅಂತ ಹಿರಿಯರು ಹಾಗೆ ಮಾಡಿಸಿದ್ದಂತೆ. ಬೆಂಗಳೂರಿಂದ ಮೊದಲ ಸಲ ಬಂದ ಅಳಿಯನಿಗೆ ಇದು ಗೊತ್ತಿರುವುದಿಲ್ಲ. ಫೋನಿನಲ್ಲಿ ಮಾತಾಡುತ್ತಾ ನೆಟ್ಟಗೆ ನುಗ್ಗುತ್ತಾನೆ, ಠಣ್ ಅನ್ನುತ್ತದೆ, ಹಣೆಯ ಮೇಲೆ ಅಡಿಕೆ ಗಾತ್ರದ್ದು ಏಳುತ್ತದೆ. ಅದು ಬುಗುಟೆ. 'ಬುಗುಟೆ' ಅಂದರೆ ಸಾಕು, ಕೇಳುವವನಿಗೆ ಎಲ್ಲ ತಿಳಿಯುತ್ತದೆ: ಎಲುಬಿರುವ ಜಾಗ, ಗಟ್ಟಿಯಾದದ್ದಕ್ಕೆ ಬಡಿದದ್ದು, ತಟ್ಟನೆ ಎದ್ದದ್ದು, ಪ್ರಾಣಕ್ಕೆ ತೊಂದರೆಯಿಲ್ಲ, ಎದುರಿಗೆ ಅಯ್ಯೋ ಅಂದು ಒಳಗೆ ಹೋಗಿ ನಗಬಹುದು.

ಬಾಸುಂಡೆ ಬೇರೆ. ಬಾಸುಂಡೆ ಉದ್ದಕ್ಕಿರುತ್ತದೆ, ಬೆತ್ತದ ಅಳತೆಗೆ. ಅದರಲ್ಲಿ ಹೊಡೆದವನ ಕೋಪವನ್ನೂ ಹೊಡೆಸಿಕೊಂಡವನ ಅಪರಾಧವನ್ನೂ ಬೆರಳಿಟ್ಟು ಎಣಿಸಬಹುದು. ನಾನು ನಾಲ್ಕನೇ ಕ್ಲಾಸಿನಲ್ಲಿ ಮೂರು ಬಾಸುಂಡೆ ಹೊತ್ತು ಮನೆಗೆ ಬಂದು, ಸ್ನಾನಕ್ಕೆ ಅಂಗಿ ಬಿಚ್ಚದೆ ಬಚ್ಚಲ ಒಲೆಯ ಮುಂದೆ ಅರ್ಧ ಗಂಟೆ ನಿಂತಿದ್ದೆ. ಅಮ್ಮನಿಗೆ ಗೊತ್ತಾದರೆ ನಾಲ್ಕನೆಯದು ಗ್ಯಾರಂಟಿ. ಈಗಿನ ಮಕ್ಕಳಿಗೆ ಬಾಸುಂಡೆ ಅಂದರೆ ಅದೇನು ಸಿಹಿ ತಿಂಡಿಯಾ ಅಂತ ಕೇಳುತ್ತಾರೆ. ಆ ಮಾತು ಸತ್ತದ್ದಕ್ಕೆ ಮಾತ್ರ ನನಗೆ ದುಃಖವಿಲ್ಲ.

ಕಂಬಳಿಹುಳ ತಾಗಿದರೆ ಏಳುವುದು ಗಂಧೆ. ಬಿಸಿ ಪಾತ್ರೆ ತಾಗಿದರೆ ಬೊಕ್ಕೆ, ಒಳಗೆ ನೀರು. ಕೀವು ತುಂಬಿದ್ದು ಕುರು. ಅದು ಹಲಸಿನ ಹಾಗೆ ಹಣ್ಣಾಗಬೇಕು, ಮೊದಲೇ ಕೈ ಹಾಕಬಾರದು. ನೋವಿಲ್ಲದೆ ಚರ್ಮದ ಕೆಳಗೆ ವರ್ಷಗಟ್ಟಲೆ ಕೂತಿರುವುದು ಗಂಟು. ಬುಗುಟೆ ಏಳುತ್ತದೆ, ಗಂಟು ಕಟ್ಟುತ್ತದೆ, ಕುರು ಹಣ್ಣಾಗುತ್ತದೆ, ಮುಖ ಊದುತ್ತದೆ, ಹೊಟ್ಟೆ ಉಬ್ಬುತ್ತದೆ, ಕಾಲು ಬಾತುಕೊಳ್ಳುತ್ತದೆ. ಪ್ರತಿಯೊಂದಕ್ಕೂ ಅದರದ್ದೇ ಕೆಲಸ. ಸ್ವೆಲ್ಲಿಂಗ್ ಮಾತ್ರ 'ಇದೆ' ಅಥವಾ 'ಇಲ್ಲ'. ಹಾಜರಿ ಪುಸ್ತಕಕ್ಕೆ ರುಜು ಹಾಕಿ ಕೂತಿರುವವರ ಹಾಗೆ.

'ಬಾತು' ಯಾಕೆ ಹಿಂದೆ ಬಿತ್ತು ಅಂತ ಮಾತ್ರ ನನಗೆ ಗೊತ್ತು. ಬೆಂಗಳೂರಿನಲ್ಲಿ ಬೆಳೆದ ನಮ್ಮನೆ ಸೊಸೆಗೆ ನಾನೇ ಒಮ್ಮೆ ಫೋನಿನಲ್ಲಿ "ಕೈ ಬಾತಿದೆ ಮಗಾ" ಅಂದಿದ್ದೆ. "ಯಾವ ಬಾತ್ ಮಾವ, ಬಿಸಿಬೇಳೆಯಾ?" ಅಂದಳು.

ಇರಲಿ. ಮರುದಿನ ದೊಡ್ಡಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಶೃಂಗೇರಿಗೆ ಹೊರಟೆ. ನಮ್ಮ ಮನೆ ಕಿಗ್ಗದ ದಾರಿಯಲ್ಲಿ. ಆಷಾಢದ ಮಳೆ, ವೈಪರ್ ಸುಸ್ತಾಗುವಷ್ಟು. ದಾರಿಯಲ್ಲಿ ಒಂದು ಫಲಕ: 'ಮುಂದೆ ರಸ್ತೆ ಉಬ್ಬು ಇದೆ'. ನಾನು ಅದನ್ನು ಓದಿ ಮುಗಿಸುವ ಮೊದಲೇ ಉಬ್ಬು ನಮ್ಮನ್ನು ಓದಿತ್ತು. ದೊಡ್ಡಮ್ಮ ಸೀಟಿನಿಂದ ಅರ್ಧ ಅಡಿ ಎದ್ದು ಕೂತರು.

"ಎಂಥದಾ ಅದು?"

"ಹಂಪ್ಸು ದೊಡ್ಡಮ್ಮ."

"ಓ, ರಸ್ತೆಗೂ ಸ್ಪೆಲ್ಲಿಂಗಾ?"

ಇಂಗ್ಲಿಷಿನವರಿಗೆ ಒಂದಾದರೆ ಹಂಪ್, ಹೆಚ್ಚಾದರೆ ಹಂಪ್ಸ್. ನಮಗೆ ಒಂದಿದ್ದರೂ ಹಂಪ್ಸೇ. ಹೊಡೆತ ಬೀಳುವುದು ಬಹುವಚನದಲ್ಲಾದ್ದರಿಂದ ಇದರಲ್ಲಿ ವ್ಯಾಕರಣ ದೋಷವೇನೂ ನನಗೆ ಕಾಣುವುದಿಲ್ಲ. ಇದಕ್ಕೂ ಶಾಸ್ತ್ರ ಉಂಟು ಮಾರಾಯ್ರೆ. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲೇ ಬರೆದಿಟ್ಟಿದೆ: ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಎಮ್ಮೆ ಬೆನ್ನಿನ ಹಾಗೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು, ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವವನಿಗೆ ಗೊತ್ತೇ ಆಗಬಾರದು. ನಮ್ಮೂರ ಉಬ್ಬುಗಳನ್ನು ನೋಡಿದರೆ ಯಾರೋ ರಾತ್ರಿ ಅಡಿಕೆ ಮರ ಅಡ್ಡ ಮಲಗಿಸಿ ಮೇಲೆ ಟಾರು ಸುರಿದು ಹೋದ ಹಾಗಿದೆ. ಅದು ಉಬ್ಬಲ್ಲ, ಬುಗುಟೆ. ಕನ್ನಡ ಸರಿಯಾಗಿ ಗೊತ್ತಿದ್ದವನು ಫಲಕದಲ್ಲಿ ಹಾಗೇ ಬರೆಯುತ್ತಿದ್ದ.

ಆಸ್ಪತ್ರೆ ಸೇರಿದೆವು. ಯಾವುದು ಅಂತ ಕೇಳಬೇಡಿ. ಡಾಕ್ಟರು ಒಳ್ಳೆಯವರು, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಹೊರಗೆ ಉದ್ದನೆಯ ಬೆಂಚು, ಕೊಡೆಗಳಿಂದ ಇಳಿದ ನೀರು ಬಾಗಿಲವರೆಗೆ ಹರಿದಿತ್ತು. ಬೆಂಚಿನ ತುಂಬ ಊದಿಕೊಂಡವರೇ. ಮೊದಲನೆಯವನು ಕೊನೆಗಾರ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದಾನೆ, ಮೈಲುತುತ್ತ ಸುಣ್ಣದ ನೀರು ಗೊನೆಗೆ ಬೀಳುವ ಬದಲು ಕಣಜದ ಗೂಡಿಗೆ ಬಿದ್ದಿದೆ. ಎಡಗಣ್ಣು ಪೂರ್ತಿ ಮುಚ್ಚಿ, ಆ ಕೆನ್ನೆ ಒಂದು ಮುಖ, ಈ ಕೆನ್ನೆ ಇನ್ನೊಂದು ಮುಖ ಅನ್ನುವ ಹಾಗಾಗಿತ್ತು. ಅವನ ಪಕ್ಕದಲ್ಲಿ ಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟಿದ್ದ ಒಬ್ಬರು ಮೇಷ್ಟ್ರು. ಆಚೆ ತುದಿಯಲ್ಲಿ ಏಳೆಂಟು ವರ್ಷದ ಹುಡುಗ, ಎರಡೂ ದವಡೆ ಊದಿ ಮುಖ ಪರಂಗಿ ಹಣ್ಣಿನ ಆಕಾರಕ್ಕೆ ಬಂದಿದೆ, ಕೊರಳಲ್ಲಿ ಅಜ್ಜಿಯದೋ ಅಮ್ಮನದೋ ಎರಡೆಳೆ ಚಿನ್ನದ ಸರ!

ನಮ್ಮವರಿಗೆ ಸರ ನೋಡಿದ ಕೂಡಲೇ ಗೊತ್ತಾಗುತ್ತದೆ, ಮಂಗನಬಾವು. ಮಂಗನಬಾವು ಬಂದ ಮಕ್ಕಳ ಕೊರಳಿಗೆ ಬಂಗಾರ ಹಾಕುವುದು ಹಿಂದಿನಿಂದ ನಡೆದುಬಂದದ್ದು. ಬಂಗಾರಕ್ಕೂ ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗೂ ಏನು ನೆಂಟಸ್ತಿಕೆ ಅಂತ ನನ್ನನ್ನು ಕೇಳಬೇಡಿ. ಅದು ವೈರಸ್ಸಿನಿಂದ ಬರುವುದು, ವಾರ ಹತ್ತು ದಿನದಲ್ಲಿ ತಾನೇ ಇಳಿಯುವುದು. ಆದರೆ ಗಂಡುಮಕ್ಕಳಿಗೆ ಅಜ್ಜಿಯ ಸರ ಹಾಕಿಕೊಂಡು ಶಾಲೆಗೆ ರಜೆ ಹಾಕಿ ಮೆರೆಯುವ ಅವಕಾಶ ಜನ್ಮದಲ್ಲಿ ಒಮ್ಮೆ ಸಿಗುವುದಾದರೆ ಅದು ಇದರಲ್ಲೇ. ಸರ ಕಳೆದುಹೋಗದಂತೆ ಹುಡುಗನನ್ನು ಮನೆಯೊಳಗೇ ಕೂರಿಸುತ್ತಾರಲ್ಲ, ಅದರಿಂದ ಬೇರೆ ಮಕ್ಕಳಿಗೆ ಹರಡುವುದು ಕಡಿಮೆಯಾಗುತ್ತದೆ. ಬಂಗಾರದ ಗುಣ ಏನಾದರೂ ಇದ್ದರೆ ಅಷ್ಟೇ ಇರಬೇಕು.

"ಎಂಥ ಆಗಿದೆ ಹುಡುಗನಿಗೆ?" ಕೊನೆಗಾರ ಒಂದೇ ಕಣ್ಣಲ್ಲಿ ನೋಡಿ ಕೇಳಿದ.

"ಮಂಗನ..." ಅಂತ ಹುಡುಗನ ಅಮ್ಮ ಬಾಯಿ ತೆಗೆದದ್ದೇ ತಡ, ಮೇಷ್ಟ್ರು ದಡಕ್ಕನೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಅವರ ತಪ್ಪಲ್ಲ. ನಮ್ಮ ಕಡೆ 'ಮಂಗನ' ಅನ್ನುವಲ್ಲಿಗೆ ಮಾತು ನಿಲ್ಲಿಸಬಾರದು. ಮುಂದೆ 'ಬಾವು' ಬಂದರೆ ನಗಬಹುದು, 'ಕಾಯಿಲೆ' ಬಂದರೆ ನಗು ಹಾರಿಹೋಗುತ್ತದೆ. ಮಂಗನಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಉಣುಗು ಕಚ್ಚಿ ಬರುವ ಜ್ವರ, ಈಚೆಗೆ ಕೊಪ್ಪ, ಶೃಂಗೇರಿ ಕಡೆಗೂ ಕಾಲಿಟ್ಟಿದೆ. ಎರಡಕ್ಕೂ ಮಂಗನ ಹೆಸರು. ಒಂದರಲ್ಲಿ ಮಂಗ ನಿಜವಾಗಿ ಸಾಯುತ್ತದೆ, ಇನ್ನೊಂದರಲ್ಲಿ ಮನುಷ್ಯನ ಮುಖ ಮಂಗನ ಹಾಗಾಗುತ್ತದೆ. ಹುಡುಗನ ಅಮ್ಮ ಮಾತು ಪೂರ್ತಿ ಮಾಡಿದ ಮೇಲೆ ಮೇಷ್ಟ್ರು ಏನೂ ಆಗದವರಂತೆ ಹೊರಗಿನ ಮಳೆ ನೋಡಿ ವಾಪಸು ಬಂದು ಕೂತರು. ಅಷ್ಟರಲ್ಲಿ ಅವರ ಜಾಗಕ್ಕೆ ದೊಡ್ಡಮ್ಮ ಕಾಲು ಚಾಚಿಯಾಗಿತ್ತು.

ಈ ಮಂಗನಬಾವಿನ ಇಂಗ್ಲಿಷ್ ಹೆಸರು ಮಂಪ್ಸ್. ಅದರ ಹುಟ್ಟು ಕೇಳಿದರೆ ನಿಮಗೆ ಇಂಗ್ಲಿಷಿನವರ ಮೇಲೆ ಪ್ರೀತಿ ಬರುತ್ತದೆ. ಹಿಂದೆ ಅವರಲ್ಲಿ 'ಮಂಪ್' ಅಂದರೆ ಮೂತಿ ಸೊಟ್ಟ ಮಾಡುವುದು, ಮುನಿಸಿಕೊಂಡು ಕೂರುವುದಕ್ಕೂ ಅದೇ ಮಾತು. ಮುಖ ಊದಿದ ಮಕ್ಕಳನ್ನು ನೋಡಿ ಆ ಮಾತನ್ನೇ ಕಾಯಿಲೆಗೆ ಹಚ್ಚಿದರು. ನಾವು ತಿರುಗಾಮುರುಗ: ಕಾಯಿಲೆಯ ಮಾತನ್ನು ಮುನಿಸಿಗೆ ಹಚ್ಚಿದೆವು. ಹೊಸ ಸೀರೆ ಬರಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಳು, ಮದುವೆಯಲ್ಲಿ ಎರಡನೇ ಪಂಕ್ತಿಗೆ ಕೂರಿಸಿದರು ಅಂತ ಬೀಗರ ಮುಖ ದಪ್ಪಗಾಯಿತು. ಅಂದಹಾಗೆ, 'ಬೀಗು' ಅಂದರೂ ಊದಿಕೊಳ್ಳುವುದೇ. ಬೀಗರಿಗೂ ಅದಕ್ಕೂ ಪಂಡಿತರು ಸಂಬಂಧ ಒಪ್ಪುತ್ತಾರೋ ಇಲ್ಲವೋ, ಒಂದು ಮದುವೆ ಮಾಡಿಕೊಟ್ಟವರು ಒಪ್ಪುತ್ತಾರೆ.

ಮೇಷ್ಟ್ರ ಸರದಿ ಬಂತು. ಬಾಗಿಲು ಅರ್ಧ ತೆರೆದೇ ಇತ್ತು, ನಾವು ಕದ್ದು ಕೇಳಬೇಕಾಗಿರಲಿಲ್ಲ. ಡಾಕ್ಟರು ಗಂಟನ್ನು ಬೆರಳಲ್ಲಿ ಅಲ್ಲಾಡಿಸಿ, "ಲೈಪೋಮಾ" ಅಂದರು. ಮೇಷ್ಟ್ರ ಧ್ವನಿ ಬಿದ್ದುಹೋಯಿತು. "ಅಂದ್ರೆ... ಟ್ಯೂಮರ್ರಾ ಡಾಕ್ಟ್ರೇ?" "ಕೊಬ್ಬಿನ ಗಂಟು ಮೇಷ್ಟ್ರೇ, ಏನೂ ಮಾಡೋದಿಲ್ಲ." "ಹಾಂ! ಹಾಗನ್ನಿ ಮತ್ತೆ!" ಅಂದು ಮೇಷ್ಟ್ರು ನಗುತ್ತಾ ಹೊರಗೆ ಬಂದರು. ಅದೇ ಗಂಟು, ಅದೇ ಭುಜ. ಆದರೆ 'ಕೊಬ್ಬಿನ ಗಂಟು' ಅಂದಾಗ ಹೆದರುವುದಕ್ಕೆ ಅದರಲ್ಲಿ ಏನಿದೆ? ತುಪ್ಪ ತಿಂದವನಿಗೆ ಒಂದು ಸರ್ಟಿಫಿಕೇಟು ಸಿಕ್ಕ ಹಾಗೆ.

ಟ್ಯೂಮರ್ ಪಾಪ, ಅದಕ್ಕೂ ಮೊದಲು ಈ ಭಯಂಕರ ಮುಖ ಇರಲಿಲ್ಲ. ಲ್ಯಾಟಿನ್ನಿನಲ್ಲಿ ಟ್ಯೂಮರ್ ಅಂದರೆ ಬರೀ ಬಾವು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಸೆಲ್ಸಸ್ ಎಂಬ ರೋಮನ್ನನು ಉರಿಯೂತಕ್ಕೆ ನಾಲ್ಕು ಲಕ್ಷಣ ಹೇಳಿದ: ಕೆಂಪು, ಬಿಸಿ, ಬಾವು, ನೋವು. ಅದರಲ್ಲಿ ಬಾವಿನ ಜಾಗದಲ್ಲಿ ಅವನು ಬರೆದ ಮಾತು ಟ್ಯೂಮರ್. ಅವನ ಕಾಲದಲ್ಲಿ ನಮ್ಮ ಕೊನೆಗಾರನ ಕಣ್ಣಿಗೂ ಟ್ಯೂಮರ್ ಅನ್ನಬಹುದಿತ್ತು. ಈಗ ಅಂದರೆ ಅವನ ಹೆಂಡತಿ ಅಲ್ಲೇ ಕುಸಿದು ಕೂರುತ್ತಾಳೆ. ಕನ್ನಡದಲ್ಲಿ 'ಉರಿಯೂತ' ಅಂತ ಮಾಡಿದವರು ಯಾರೋ, ಅವರ ಕೈಗೆ ನಮಸ್ಕಾರ. ಉರಿಯೂ ಇದೆ, ಊತವೂ ಇದೆ. ಸೆಲ್ಸಸ್ಸನ ನಾಲ್ಕರಲ್ಲಿ ಎರಡು ಲಕ್ಷಣ ನಾಲ್ಕಕ್ಷರದಲ್ಲಿ ಮುಗಿಯಿತು.

ಕೊನೆಗೆ ದೊಡ್ಡಮ್ಮ ಒಳಗೆ ಹೋದರು.

"ಅಮ್ಮಾ, ಪೇನ್ ಇದೆಯಾ? ಸ್ವೆಲ್ಲಿಂಗ್ ಎಷ್ಟು ದಿನದಿಂದ ಇದೆ?"

ದೊಡ್ಡಮ್ಮ ಒಂದು ಕ್ಷಣ ಡಾಕ್ಟರ ಮುಖ ನೋಡಿದರು. ಮನೆಯಲ್ಲಿ ಕಟ್ಟಿಕೊಂಡು ಬಂದ ಇಂಗ್ಲಿಷ್ ಬುತ್ತಿ ಅಲ್ಲಿಗೆ ಖಾಲಿಯಾಗಿತ್ತು. ಆಮೇಲೆ ಬಂದದ್ದೆಲ್ಲ ಮಾತೃಭಾಷೆ: "ಬೆಳಗ್ಗೆ ಏಳುವಾಗ ಎಂಥದೂ ಇರೋದಿಲ್ಲ. ಮಧ್ಯಾಹ್ನ ಕಳೆದ ಮೇಲೆ ಬಾತುಕೊಳ್ಳೂಕೆ ಶುರು. ಸಂಜೆಗೆ ಕಾಲುಂಗುರ ಚರ್ಮದೊಳಗೆ ಹೂತುಹೋಗ್ತದೆ. ನೋವಿಲ್ಲ, ಬಿಸಿಯಿಲ್ಲ, ಕೆಂಪಿಲ್ಲ. ಕಾಲಿಗೆ ನೀರಿಳಿದಿದೆ ಅಷ್ಟೆ."

ಡಾಕ್ಟರು ಬಗ್ಗಿ ಅವರ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ತೆಗೆದಾಗ ಅಲ್ಲೊಂದು ಗುಳಿ. ಹಸಿ ಅಕ್ಕಿಹಿಟ್ಟಿನ ಉಂಡೆಗೆ ಬೆರಳು ಒತ್ತಿದರೆ ಉಳಿಯುತ್ತದಲ್ಲ, ಅಂಥದ್ದು. ನಾವು ಮೂವರೂ ಮಾತಿಲ್ಲದೆ ಅದನ್ನೇ ನೋಡುತ್ತಾ ಕೂತೆವು. ಗುಳಿಯ ಅಂಚು ಮೊದಲು ಮೆತ್ತಗಾಯಿತು, ಆಮೇಲೆ ತಳ ನಿಧಾನವಾಗಿ ಮೇಲೆ ಬಂತು, ಅರ್ಧ ನಿಮಿಷವಾದರೂ ಹಿಡಿದಿರಬೇಕು. "ಎಡೀಮಾ" ಅಂದರು ಡಾಕ್ಟರು, ಚೀಟಿಯಲ್ಲಿ ಬರೆಯುತ್ತಾ. "ಅದೇ ನಾನು ಹೇಳಿದ್ದು, ನೀರು" ಅಂದರು ದೊಡ್ಡಮ್ಮ.

ಹೇಳಿದ್ದು ಸರಿಯೇ. ಎಡೀಮಾ ಅಂದರೂ ಅಂಗಾಂಶದಲ್ಲಿ ನೀರು ನಿಲ್ಲುವುದೇ. ಅದು ಗ್ರೀಕರ ಮಾತು, ಊದಿಕೊಳ್ಳುವುದು ಅಂತ ಅರ್ಥ. ಗ್ರೀಕರ ದುರಂತ ನಾಯಕ ಈಡಿಪಸ್ಸನ ಹೆಸರಲ್ಲೂ ಅದೇ ಇದೆ. ಕೂಸಾಗಿದ್ದಾಗ ಅವನ ಕಾಲು ಚುಚ್ಚಿ ಬೆಟ್ಟದಲ್ಲಿ ಬಿಟ್ಟರಂತೆ, ಕಾಲು ಬಾತುಕೊಂಡಿತು, ಹೆಸರು 'ಬಾತಕಾಲಿನವ' ಅಂತಲೇ ಬಿತ್ತು. ಜಗತ್ತಿನ ಅತಿ ದೊಡ್ಡ ದುರಂತ ನಾಟಕದ ಹೆಸರನ್ನು ನಮ್ಮೂರ ಯಕ್ಷಗಾನದವರು ಅನುವಾದ ಮಾಡಿದ್ದರೆ 'ಬಾವುಗಾಲರಾಯನ ಪ್ರಸಂಗ' ಆಗುತ್ತಿತ್ತು.

ಡಾಕ್ಟರು ದೊಡ್ಡಮ್ಮನ ಮಾತ್ರೆ ಚೀಲ ತೆಗೆಸಿ ನೋಡಿದರು. ಬಿ.ಪಿ.ಗೆ ಆಮ್ಲೋಡಿಪಿನ್ ನಡೆಯುತ್ತಿತ್ತು. ಕೆಲವರಿಗೆ ಆ ಮಾತ್ರೆಯಿಂದಲೇ ಪಾದ ಬಾತುಕೊಳ್ಳುವುದುಂಟಂತೆ. ಬೇರೆ ಮಾತ್ರೆ ಬರೆದರು, ರಕ್ತ ಮೂತ್ರ ಪರೀಕ್ಷೆಗೂ ಬರೆದರು. "ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ ಮುಟ್ಟಬೇಡಿ." ಇಷ್ಟು ಹೊತ್ತು ಸ್ಥಿತಪ್ರಜ್ಞರಾಗಿದ್ದ ದೊಡ್ಡಮ್ಮನ ಮುಖ ಅಲ್ಲಿ ಮೊದಲ ಸಲ ಊದಿತು. ಅಪ್ಪೆಮಿಡಿ ಭರಣಿಯ ಬಾಯಿಗೆ ಹೊಸ ಬಟ್ಟೆ ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ.

ಹೊರಗೆ ಮಳೆ ನಿಂತಿತ್ತು. ದೊಡ್ಡಮ್ಮ "ತುಂಗೆ ನೋಡ್ಕೊಂಡು ಹೋಗುವ" ಅಂದರು. ಶೃಂಗೇರಿಯವರಿಗೆ ತುಂಗೆಯ ಬಾವು ನೋಡಲು ಡಾಕ್ಟರು ಬೇಕಾಗಿಲ್ಲ, ಕಪ್ಪೆ ಇದ್ದರೆ ಸಾಕು. ಹೊಳೆಯ ದಂಡೆಯ ಕಪ್ಪೆ ಶಂಕರದಲ್ಲಿ, ಹೆರಿಗೆ ನೋವಿನ ಕಪ್ಪೆಗೆ ಬಿಸಿಲು ತಾಗದಂತೆ ಹಾವು ಹೆಡೆಯೆತ್ತಿ ನಿಂತ ಕಲ್ಲಿನ ಶಿಲ್ಪ ಇದೆ. ಕಪ್ಪೆ ಶಂಕರ ಮುಳುಗಿತು ಅಂದರೆ ಹೊಳೆ ಉಕ್ಕಿದೆ ಅಂತ, ಗಾಂಧಿ ಮೈದಾನಕ್ಕೆ ನೀರು ಬಂತು ಅಂದರೆ ಅಂಗಡಿಯವರು ಸಾಮಾನು ಎತ್ತಬೇಕು ಅಂತ. ಅವತ್ತು ಕೆಂಪು ನೀರು ಸುಳಿ ಸುತ್ತಿಕೊಂಡು ಹರಿಯುತ್ತಿತ್ತು, ಕಪ್ಪೆಯ ಸುಳಿವಿರಲಿಲ್ಲ. ದೊಡ್ಡಮ್ಮ ಹೊಳೆ ನೋಡಿದರು, ತಮ್ಮ ಕಾಲು ನೋಡಿಕೊಂಡರು. "ಇವಳೂ ಉಪ್ಪಿನಕಾಯಿ ತಿಂದಿರ್ಬೇಕು" ಅಂದರು.

ವಾಪಸು ಕಿಗ್ಗದ ದಾರಿ ಹಿಡಿದಾಗ ನನಗೆ ಇನ್ನೊಂದು ತಲೆಗೆ ಬಂತು. ಈ ಊರಿನ ಹೆಸರೇ ಒಂದು ಉಬ್ಬಿನ ಮೇಲೆ ನಿಂತಿದೆ. ಋಷ್ಯಶೃಂಗರ ತಲೆಯಲ್ಲಿ ಕೊಂಬಿತ್ತು, ಅವರಿದ್ದ ಗಿರಿ ಋಷ್ಯಶೃಂಗಗಿರಿ, ಅದೇ ಶೃಂಗಗಿರಿಯಾಗಿ ಶೃಂಗೇರಿ ಅಂತ ನಾವು ನಂಬಿಕೊಂಡು ಬಂದದ್ದು. ಈಗಿನ ಆಸ್ಪತ್ರೆಯಲ್ಲಾಗಿದ್ದರೆ 'ಹಣೆಯಲ್ಲಿ ಸ್ವೆಲ್ಲಿಂಗ್, ಸ್ಕ್ಯಾನ್ ಮಾಡಿಸಿ' ಅಂತ ಚೀಟಿ ಬರೆದು ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಕೊಂಬು ಬೋಳಿಸಿದ್ದರೆ ಊರಿಗೆ ಹೆಸರೂ ಇಲ್ಲ, ಮಳೆಯೂ ಇಲ್ಲ. ಈಗಲೂ ಮಳೆ ಕೈಕೊಟ್ಟ ವರ್ಷ ಜನ ಕಿಗ್ಗದ ಋಷ್ಯಶೃಂಗೇಶ್ವರನ ಹತ್ತಿರ ಬರುತ್ತಾರೆ.

ಆ ಋಷಿಯ ಕತೆಯಲ್ಲಿ ನನಗೆ ಬಲು ಇಷ್ಟವಾದ ಜಾಗ ಒಂದಿದೆ. ಮಹಾಭಾರತದ ವನಪರ್ವದಲ್ಲಿ ಬರುತ್ತದೆ. ಹುಟ್ಟಿದಾಗಿನಿಂದ ಅಪ್ಪ ವಿಭಾಂಡಕರ ಹೊರತು ಇನ್ನೊಂದು ಮನುಷ್ಯರ ಮುಖ ನೋಡದ ಹುಡುಗ. ಅಂಗರಾಜನ ದೇಶಕ್ಕೆ ಮಳೆ ತರಿಸಬೇಕು ಅಂತ ಅವನನ್ನು ಕರೆದೊಯ್ಯಲು ವೇಶ್ಯೆ ಬರುತ್ತಾಳೆ. ಸಂಜೆ ಅಪ್ಪ ಬಂದಾಗ ಹುಡುಗ ಪರಮ ಮುಗ್ಧನಾಗಿ ವರದಿ ಒಪ್ಪಿಸುತ್ತಾನೆ: ಇವತ್ತು ಒಬ್ಬ ಬ್ರಹ್ಮಚಾರಿ ಬಂದಿದ್ದ, ಎಷ್ಟು ಚೆಂದ, ಅವನ ಕೊರಳ ಕೆಳಗೆ ಎರಡು ಉಂಡೆಗಳಿದ್ದವು, ಮೇಲೆ ರೋಮವೇ ಇಲ್ಲ, ನೋಡಲು ಬಲು ಮನೋಹರ! ಹೆಸರು ಗೊತ್ತಿಲ್ಲದಿದ್ದರೂ ಹುಡುಗ ಜಾಗ, ಆಕಾರ, ಸಂಖ್ಯೆ ಎಲ್ಲ ಬಿಡಿಸಿ ಹೇಳಿದ. ಅಪ್ಪನಿಗೆ ಆ ಕ್ಷಣಕ್ಕೇ ರೋಗ ಗೊತ್ತಾಯಿತು. ಅದೇ ಹುಡುಗ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ 'ಅಪ್ಪಾ, ಅವನಿಗೆ ಎರಡು ಕಡೆ ಸ್ವೆಲ್ಲಿಂಗ್ ಇತ್ತು' ಅಂದಿದ್ದರೆ ವಿಭಾಂಡಕರು ಅರಿಶಿನ ಅರೆಯಲು ಕೂರುತ್ತಿದ್ದರು.

ಇದನ್ನು ದೊಡ್ಡಮ್ಮನಿಗೆ ಹೇಳೋಣ ಅಂತ ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡೆ. ಐವತ್ತೇಳಾದರೂ ಮಾಣಿ ಮಾಣಿಯೇ.

ವಾರ ಕಳೆದ ಮೇಲೆ ಡಾಕ್ಟರೇ ಫೋನ್ ಮಾಡಿ ವಿಚಾರಿಸಿದರು. ನಾನು ಸ್ಪೀಕರಿಗೆ ಹಾಕಿ ದೊಡ್ಡಮ್ಮನ ಮುಂದೆ ಹಿಡಿದೆ. "ಹೇಗಿದ್ದೀರಮ್ಮಾ? ಸ್ವೆಲ್ಲಿಂಗ್ ಇಳೀತಾ?" ದೊಡ್ಡಮ್ಮ ಜಗಲಿಯಲ್ಲಿ ನೀಡಿದ ಕಾಲಿನ ಬೆರಳು ಆಡಿಸಿ ನೋಡಿಕೊಂಡರು. ಕಾಲುಂಗುರ ಸಡಿಲವಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ಶಾಲೆಯ ವ್ಯಾನು ಬಂತು. ಮರಿಮಗ ಬ್ಯಾಗು ಎಳೆದುಕೊಂಡು ಮೆಟ್ಟಿಲು ಹತ್ತಿದ, ಮಡಚಿದ ಡಿಕ್ಟೇಶನ್ ಪುಸ್ತಕ ಅಜ್ಜಿಯ ಪಕ್ಕ ಎಸೆದ, ಗೋಡೆ ಕಡೆ ತಿರುಗಿ ಕೂತ. ಹತ್ತಕ್ಕೆ ನಾಲ್ಕು. ಎರಡೂ ಕೆನ್ನೆ ಉಬ್ಬಿದ್ದವು, ಕಣ್ಣಿನ ತುಂಬ ನೀರು.

ದೊಡ್ಡಮ್ಮ ಫೋನಿನ ಕಡೆ ಬಗ್ಗಿದರು. "ನನ್ನ ಕಾಲಿಂದ ಇಳಿದಿದೆ ಡಾಕ್ಟ್ರೇ. ಆದ್ರೆ ಮನೆ ಬಿಟ್ಟು ಹೋಗ್ಲಿಲ್ಲ. ಈಗ ಮಾಣಿಯ ಮುಖಕ್ಕೆ ಹತ್ತಿದೆ."